ಗೇಮ್‌ನಲ್ಲಿ ನಂಬುವಂಥ ಮುನ್ನೆಚ್ಚರಿಕೆ ಠಾಣೆ ಕಟ್ಟುವುದು ಹೇಗೆ?

ಗೇಮ್‌ಗಾಗಿ ನಾನು ಮೊದಲ ಸಲ ಕಟ್ಟಿದ ರೇಡಾರ್ ಠಾಣೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಗುಡ್ಡದ ತುದಿ, ಅದರ ಮೇಲೆ ಗಿರಗಿರನೆ ತಿರುಗುವ ತಟ್ಟೆ ಆಂಟೆನಾ, ಸುತ್ತ ಮುಳ್ಳುತಂತಿ, ಮೂವತ್ತು ಕಾವಲುಗಾರರು, ಒಳಗೆ ಕೆಂಪು ದೀಪ, ಬೀಪ್ ಬೀಪ್ ಸದ್ದು. ಆಡಿ ನೋಡಲು ಕುಳಿತ ಗೆಳೆಯ ಆರೇ ನಿಮಿಷದಲ್ಲಿ ಮೂವತ್ತು ಮಂದಿಯನ್ನೂ ಹೊಡೆದುರುಳಿಸಿ, ತಟ್ಟೆಯ ಬುಡಕ್ಕೆ ಸ್ಫೋಟಕ ಇಟ್ಟು ಹೊರಬಂದ. ಆಮೇಲೆ ಕೇಳಿದ: "ಅದಿರಲಿ, ನಾನು ಬರುವ ಮುಂಚೆ ಈ ಮೂವತ್ತು ಜನ ಇಲ್ಲಿ ಏನು ಮಾಡುತ್ತಿದ್ದರು?"

ಉತ್ತರ ನನ್ನ ಬಳಿ ಇರಲಿಲ್ಲ. ಅವರು ಅವನ ಗುಂಡಿಗಾಗಿ ಕಾಯುತ್ತಿದ್ದರು, ಅಷ್ಟೇ. ನಿಜವಾದ ಮುನ್ನೆಚ್ಚರಿಕೆ ಠಾಣೆಯವರೂ ಕಾಯುತ್ತಾರೆ. ಆದರೆ ಅವರು ಕಾಯುವುದು ಶತ್ರುವಿನ ವಿಮಾನವೋ ಕ್ಷಿಪಣಿಯೋ ಬರುತ್ತಿದೆ ಎನ್ನುವ, ಎಂದೂ ಬಾರದಿರಲಿ ಎಂದು ಲೋಕವೆಲ್ಲ ಹಾರೈಸುವ ಒಂದು ಚುಕ್ಕೆಗಾಗಿ. ಆ ಚುಕ್ಕೆ ಪರದೆಯ ಮೇಲೆ ಮೂಡಿದ ಗಳಿಗೆಯಲ್ಲಿ ಅವರ ಎರಡನೇ ಕೆಲಸ ಶುರುವಾಗುತ್ತದೆ: ಇದು ಹಾವೋ ಹಗ್ಗವೋ ಎಂದು ತೀರ್ಮಾನಿಸುವುದು. ಕಾಯುವುದು, ಅನುಮಾನಿಸುವುದು, ಈ ಎರಡರಿಂದಲೇ ಠಾಣೆ ಹುಟ್ಟಬೇಕು. ಗೋಡೆ, ದೀಪ, ಕಾವಲು ಎಲ್ಲ ಆಮೇಲೆ. ಯಾವ ಎಂಜಿನ್‌ನಲ್ಲಿ ಕಟ್ಟಿದರೂ, ಯಾವ ಬಗೆಯ ಗೇಮ್ ಆದರೂ ಕೆಳಗಿನ ಕ್ರಮ ನಡೆಯುತ್ತದೆ.

ಮೊದಲ ಹಂತ: ಠಾಣೆ ಏನನ್ನು ಕಾಯುತ್ತಿದೆ?

ಕಾಗದದ ಮೇಲೆ ಒಂದೇ ವಾಕ್ಯ ಬರೆದುಕೊಳ್ಳಿ: "ಈ ಠಾಣೆ ಇಂಥ ದಿಕ್ಕಿನಿಂದ ಬರುವ ಇಂಥದ್ದನ್ನು ಕಾಯುತ್ತದೆ." ಕಾಲವೂ ಕಟ್ಟಡದ ರೂಪವೂ ಇದರಿಂದಲೇ ನಿರ್ಧಾರವಾಗುತ್ತವೆ.

1920ರ ದಶಕದ ಕೊನೆಯ ಹೊತ್ತಿನ ಕಥೆಯಾದರೆ ರೇಡಾರ್ ಇಲ್ಲ. ಇಂಗ್ಲೆಂಡಿನ ಡೆಂಜ್‌ನಲ್ಲಿ ಇಂದಿಗೂ ನಿಂತಿರುವ ಕಾಂಕ್ರೀಟ್ 'ಶಬ್ದ ಕನ್ನಡಿ'ಗಳು ನಿಮಗೆ ಮಾದರಿ. ವಿಮಾನದ ಎಂಜಿನ್ ಸದ್ದನ್ನು ಒಂದೆಡೆ ಕೇಂದ್ರೀಕರಿಸಿ ಕೇಳಿಸುವ ಗೋಡೆಗಳಿವು. ಅಲ್ಲಿನ ದೊಡ್ಡ ಗೋಡೆಯ ಉದ್ದ 200 ಅಡಿ. ಹತ್ತು ವರ್ಷ ಮುಂದೆ ಬಂದರೆ ಬ್ರಿಟನ್ನಿನ ಚೈನ್ ಹೋಮ್ ರೇಡಾರ್ ಠಾಣೆಗಳ ಸಾಲು. ಅಲ್ಲಿ ತಿರುಗುವ ತಟ್ಟೆಗಳೇ ಇಲ್ಲ. 360 ಅಡಿ ಎತ್ತರದ ಉಕ್ಕಿನ ಗೋಪುರಗಳಿಂದ ಪ್ರಸಾರ, 240 ಅಡಿಯ ಮರದ ಗೋಪುರಗಳಲ್ಲಿ ಮರಳಿದ ಅಲೆಗಳ ಗ್ರಹಣ. 1957ರಲ್ಲಿ ಕೆಲಸ ಆರಂಭಿಸಿದ ಡ್ಯೂ ಲೈನ್ ಎಂಬ ರೇಡಾರ್ ಠಾಣೆಗಳ ಸಾಲು ಅಲಾಸ್ಕಾದಿಂದ ಕೆನಡಾದ ಉತ್ತರ ಅಂಚಿನುದ್ದಕ್ಕೂ ಹಬ್ಬಿತ್ತು. ಅದು ಕಾಯುತ್ತಿದ್ದದ್ದು ಧ್ರುವದ ಮೇಲಿಂದ ಬರಬಹುದಾದ ಸೋವಿಯತ್ ಬಾಂಬರ್‌ಗಳನ್ನು. ಕ್ಷಿಪಣಿಗಳ ಕಾಲಕ್ಕೆ ಗ್ರೀನ್‌ಲ್ಯಾಂಡಿನ ಥುಲೆ, ಅಲಾಸ್ಕಾದ ಕ್ಲಿಯರ್, ಇಂಗ್ಲೆಂಡಿನ ಫೈಲಿಂಗ್‌ಡೇಲ್ಸ್ ಬಂದವು. ಥುಲೆಯಲ್ಲಿ ಒಂದೊಂದು ಸ್ಥಿರ ಆಂಟೆನಾವೂ 400 ಅಡಿ ಅಗಲ, 165 ಅಡಿ ಎತ್ತರ. ಫುಟ್‌ಬಾಲ್ ಮೈದಾನವನ್ನು ಎತ್ತಿ ನಿಲ್ಲಿಸಿದ ಹಾಗೆ.

ಇವನ್ನೆಲ್ಲ ಕಲಸಬೇಡಿ. 1940ರ ಕಥೆಯಲ್ಲಿ ಆಂಟೆನಾವನ್ನು ಮುಚ್ಚುವ ಬಿಳಿ ಚೆಂಡಿನಂಥ ರೇಡೋಮ್ ಇಟ್ಟರೆ ತಿಳಿದವರಿಗೆ ಪೌರಾಣಿಕ ನಾಟಕದಲ್ಲಿ ಕೈಗಡಿಯಾರ ಕಂಡಂತಾಗುತ್ತದೆ. ನಿಮ್ಮದು ಕಲ್ಪಿತ ದೇಶವಾದರೂ ತಂತ್ರಜ್ಞಾನಕ್ಕೆ ಒಂದು ದಶಕವನ್ನು ಗೊತ್ತುಮಾಡಿ.

ಎರಡನೇ ಹಂತ: ನಿಮಿಷಗಳ ಲೆಕ್ಕ

ಹೆಚ್ಚಿನವರು ಈ ಹಂತವನ್ನು ಹಾರಿಸಿಬಿಡುತ್ತಾರೆ. ಮುನ್ನೆಚ್ಚರಿಕೆ ಠಾಣೆ ಉತ್ಪಾದಿಸುವುದು ಒಂದೇ ಸರಕು, ಸಮಯ. ನಿಮ್ಮ ಠಾಣೆ ಎಷ್ಟು ನಿಮಿಷ ಕೊಡುತ್ತದೆ ಎಂದು ತಿಳಿಯದೆ ಒಂದು ಗೋಡೆಯನ್ನೂ ಎಬ್ಬಿಸಬೇಡಿ.

ಸಾಮಾನ್ಯ ರೇಡಾರ್ ದಿಗಂತದಾಚೆ ನೋಡಲಾರದು. ವಿಮಾನದ ಎತ್ತರವನ್ನು ಮೀಟರ್‌ಗಳಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದು ಎಷ್ಟು ಕಿಲೋಮೀಟರ್ ದೂರದಲ್ಲಿ ಕಾಣಬಹುದು ಎಂಬ ಅಂದಾಜು ಸಿಗುತ್ತದೆ. 10,000 ಮೀಟರ್ ಎತ್ತರದ ವಿಮಾನ ಸುಮಾರು 412 ಕಿಲೋಮೀಟರ್ ದೂರದಿಂದ ಕಾಣುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಬಂದರೆ ಠಾಣೆಯ ನೆತ್ತಿಗೆ ತಲುಪಲು ಇಪ್ಪತ್ತೇಳು ನಿಮಿಷ. ಅದೇ ವಿಮಾನ 100 ಮೀಟರ್ ಎತ್ತರದಲ್ಲಿ ನೆಲ ಸವರಿಕೊಂಡು ಬಂದರೆ ಕಾಣುವುದು 41 ಕಿಲೋಮೀಟರ್‌ಗೆ, ಕೈಯಲ್ಲಿರುವುದು ಮೂರು ನಿಮಿಷಕ್ಕಿಂತ ಕಡಿಮೆ. ಈಗ ಆಂಟೆನಾವನ್ನು 400 ಮೀಟರ್ ಎತ್ತರದ ಬೆಟ್ಟಕ್ಕೆ ಏರಿಸಿ. ಅದರ ಪಾಲಿನ 82 ಕಿಲೋಮೀಟರ್ ಸೇರಿ ಒಟ್ಟು 123 ಆಗುತ್ತದೆ, ಅಂದರೆ ಎಂಟು ನಿಮಿಷ. ಠಾಣೆ ಬೆಟ್ಟದ ಮೇಲೆ ಏಕಿದೆ ಎಂಬುದಕ್ಕೆ ಈಗ ಕಾರಣ ಸಿಕ್ಕಿತು. ನನ್ನ ಮೊದಲ ಠಾಣೆ ಗುಡ್ಡದ ಮೇಲಿದ್ದದ್ದು ಅಲ್ಲಿಂದ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ.

ಕ್ಷಿಪಣಿಯ ಲೆಕ್ಕ ಬೇರೆ. ಅದು ಬಾಹ್ಯಾಕಾಶದ ಎತ್ತರಕ್ಕೆ ಏರಿ ಇಳಿಯುವುದರಿಂದ ಸಾವಿರಾರು ಕಿಲೋಮೀಟರ್ ದೂರದಲ್ಲೇ ಕಾಣುತ್ತದೆ, ಆದರೆ ಬರುವ ವೇಗ ಭಯಂಕರ. ಶೀತಲ ಸಮರದ ಬ್ರಿಟನ್ನಿನಲ್ಲಿ 'ನಾಲ್ಕು ನಿಮಿಷದ ಎಚ್ಚರಿಕೆ' ಎಂಬುದು ಮನೆಮಾತಾಗಿತ್ತು. ಅಮೆರಿಕಕ್ಕೆ ಉತ್ತರದ ಈ ಠಾಣೆಗಳು ಕೊಡಬಹುದಾಗಿದ್ದ ಸಮಯ ಕಾಲು ಗಂಟೆಯ ಆಸುಪಾಸು.

ಗೇಮ್‌ನಲ್ಲಿ ಈ ನಿಮಿಷಗಳನ್ನು ಕುಗ್ಗಿಸಬಹುದು, ಆದರೆ ಅನುಪಾತ ಕೆಡಿಸಬೇಡಿ. ಇಪ್ಪತ್ತೇಳು ನಿಮಿಷವನ್ನು ಒಂಬತ್ತಕ್ಕೆ ಇಳಿಸಿದರೆ ಫೋನ್ ಕರೆಯೂ ಮೆಟ್ಟಿಲು ಹತ್ತುವುದೂ ಅದೇ ಲೆಕ್ಕದಲ್ಲಿ ಕುಗ್ಗಲಿ.

ಮೂರನೇ ಹಂತ: ಮುಖ, ಬೆನ್ನು, ನೆಲ

ಠಾಣೆಗೆ ಒಂದು ಮುಖವಿರುತ್ತದೆ, ಒಂದು ಬೆನ್ನಿರುತ್ತದೆ. 1980ರ ಹೊತ್ತಿಗೆ ಅಮೆರಿಕದಲ್ಲಿ ಎದ್ದ ಪೇವ್ ಪಾಸ್ ರೇಡಾರ್‌ಗಳಿಗೆ ಇಳಿಜಾರಾದ ಎರಡು ಮುಖಗಳು. ಒಂದೊಂದೂ 120 ಡಿಗ್ರಿ ನೋಡುತ್ತದೆ, ಒಟ್ಟು 240. ಏನೂ ತಿರುಗುವುದಿಲ್ಲ. ಒಂದೊಂದು ಮುಖದ ಮೇಲೂ ಇರುವ 1,792 ಪುಟ್ಟ ಆಂಟೆನಾಗಳು ಸೇರಿ ಕಿರಣವನ್ನು ವಿದ್ಯುನ್ಮಾನದಿಂದಲೇ ಹೊರಳಿಸುತ್ತವೆ. ಫೈಲಿಂಗ್‌ಡೇಲ್ಸ್‌ನಲ್ಲಿ ಮೊದಲಿದ್ದ ಮೂರು ಬಿಳಿ ಚೆಂಡುಗಳ ಜಾಗಕ್ಕೆ 1990ರ ದಶಕದ ಆರಂಭದಲ್ಲಿ ಬಂದದ್ದು ತುದಿ ಕತ್ತರಿಸಿದ ಪಿರಮಿಡ್. ಅದಕ್ಕೆ ಮೂರು ಮುಖ, ಆದ್ದರಿಂದ ಸುತ್ತಲೂ ಕಣ್ಣು. ಹಳೆಯ ಸೋವಿಯತ್ ಒಕ್ಕೂಟದ ದುಗಾ ರೇಡಾರ್‌ನಲ್ಲಿ ಪ್ರಸಾರ ಮಾಡುವ ಜಾಗ ಒಂದು ಕಡೆ, ಕೇಳಿಸಿಕೊಳ್ಳುವ ಜಾಗ ಸುಮಾರು 60 ಕಿಲೋಮೀಟರ್ ಆಚೆ ಚೆರ್ನೋಬಿಲ್ ಬಳಿ. ಒಂದೇ ಠಾಣೆಯನ್ನು ಎರಡು ಮ್ಯಾಪ್‌ಗಳಲ್ಲಿ ಹಂಚಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಒಂದು ಎಚ್ಚರಿಕೆ. ಠಾಣೆಯ ಬೆನ್ನು ಕುರುಡಾಗಿರುವುದು ಆಕಾಶದ ಪಾಲಿಗೆ ಮಾತ್ರ. "ರೇಡಾರ್‌ನ ಹಿಂದಿನಿಂದ ನುಸುಳಿ" ಎಂದು ಆಟಗಾರನಿಗೆ ಗುರಿ ಕೊಡುವ ಗೇಮ್‌ಗಳಿವೆ. ನಡೆದುಕೊಂಡು ಬರುವ ಮನುಷ್ಯನನ್ನು ಈ ದೈತ್ಯ ಮುಂದಿನಿಂದಲೂ ಕಾಣುವುದಿಲ್ಲ, ಕಾಣುವುದು ಬೇಲಿಯ ಬಳಿ ನಿಂತವನಿಗೆ. ಆಂಟೆನಾದ ಮುಂದೆ ಇರಬೇಕಾದದ್ದು ಖಾಲಿ ಜಾಗ, ವಿಕಿರಣದ ಎಚ್ಚರಿಕೆ ಫಲಕ, ಒಳಗೆ ಯಾರೂ ಸುಳಿಯದಂತೆ ಹಾಕಿದ ಬೇಲಿ.

ನೆಲವೂ ಒಂದು ಪಾತ್ರವೇ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಮೇಲಿದ್ದ ಡೈ-2 ಠಾಣೆಯನ್ನು ಕಂಬಗಳ ಮೇಲೆ ನಿಲ್ಲಿಸಿ, ವರ್ಷವರ್ಷ ಬೀಳುವ ಹಿಮದಲ್ಲಿ ಹೂತುಹೋಗದಂತೆ ಜಾಕ್‌ಗಳಿಂದ ಮೇಲೆತ್ತುತ್ತಿದ್ದರು. 1988ರಲ್ಲಿ ಅದನ್ನು ಬಿಟ್ಟು ಹೋದರು. ಅಟ್ಲಾಂಟಿಕ್ ಸಾಗರದಲ್ಲಿ ಕಾಲೂರಿ ನಿಂತಿದ್ದ ಟೆಕ್ಸಾಸ್ ಟವರ್-4 ಎಂಬ ರೇಡಾರ್ ವೇದಿಕೆ 1961ರ ಜನವರಿ 15ರಂದು ಬಿರುಗಾಳಿಗೆ ಕುಸಿದು, ಅದರಲ್ಲಿದ್ದ 28 ಮಂದಿಯೂ ತೀರಿಕೊಂಡರು. ಇಂಥ ಕಡೆ ಶತ್ರು ಎಂದರೆ ಮೊದಲು ಹವೆ.

ನಾಲ್ಕನೇ ಹಂತ: ಕೋಣೆಗಳು, ಜನ

ಮೂವತ್ತು ಕಾವಲುಗಾರರನ್ನು ವಾಪಸು ಕಳಿಸಿ. ಡ್ಯೂ ಲೈನಿನ ಸಣ್ಣ ನಡುಠಾಣೆಗಳಲ್ಲಿ ಇದ್ದವರು ಮೂರೇ ಜನ: ಠಾಣೆಯ ಮುಖ್ಯಸ್ಥ, ಮೆಕ್ಯಾನಿಕ್, ಅಡುಗೆಯವ. ಹಿಮದ ನಡುವಿನ ಠಾಣೆಗೆ ಆ ದೂರವೇ ಕೋಟೆ. ಮೂವರೇ ಇರುವಾಗ ಒಬ್ಬೊಬ್ಬನಿಗೂ ಮುಖ ಬರುತ್ತದೆ, ಮಾತು ಬರುತ್ತದೆ, ಇನ್ನೊಬ್ಬನ ಮೇಲೆ ಮುನಿಸೂ ಬರುತ್ತದೆ. ಮುಖ್ಯಸ್ಥ ಪಾಳಿ ಮುಗಿಸಿ ಮಲಗಿದಾಗ ಪರದೆಯ ಮುಂದೆ ಮೆಕ್ಯಾನಿಕ್ ಕೂರಬೇಕಾಗಿ ಬಂದರೆ ಅಲ್ಲಿಂದಲೇ ಕಥೆ ಹುಟ್ಟಿತು.

ಕಟ್ಟಡದ ಬಹುಭಾಗ ಪರದೆಗಳ ಕೋಣೆ ಎಂದು ಭಾವಿಸಬೇಡಿ. ಜನರೇಟರ್, ಇಂಧನದ ಟ್ಯಾಂಕ್, ತಂಪುಗೊಳಿಸುವ ಯಂತ್ರ, ಬಿಡಿಭಾಗಗಳ ಉಗ್ರಾಣ, ಮಲಗುವ ಕೋಣೆ, ಅಡುಗೆಮನೆ, ಇವುಗಳೆಲ್ಲದರ ನಡುವೆ ಕತ್ತಲಾದ ಒಂದು ಚಿಕ್ಕ ಕೋಣೆ. ಎಲ್ಲವನ್ನೂ ಒಂದೇ ಉದ್ದನೆಯ ಸಾಲಿನಲ್ಲಿ ಜೋಡಿಸಿ. ಹೊರಗೆ ಕಾಲಿಡದೆ ಒಂದರಿಂದ ಇನ್ನೊಂದಕ್ಕೆ ಹೋಗುವಂತಿರಲಿ. ಜನರೇಟರ್ ಸದ್ದು ಎಲ್ಲ ಕೋಣೆಗಳಲ್ಲೂ ತೆಳುವಾಗಿ ಕೇಳಿಸುತ್ತಲೇ ಇರಲಿ. ಒಂದು ರಾತ್ರಿ ಅದು ನಿಂತರೆ ಆಟಗಾರ ಬೆಚ್ಚಿಬೀಳುತ್ತಾನೆ, ಸೈರನ್ ಬೇಕಾಗುವುದಿಲ್ಲ.

ಹೆಸರು ಚಿಕ್ಕದಿರಲಿ. ಡ್ಯೂ ಲೈನಿನ ಮುಖ್ಯ ಠಾಣೆಗಳ ಹೆಸರು ಫಾಕ್ಸ್, ಪಿನ್, ಕ್ಯಾಮ್, ಬಾರ್, ಹೀಗೆ ಒಂದೇ ಉಸಿರಿನವು. ಗೊರಗೊರ ಎನ್ನುವ ರೇಡಿಯೋದಲ್ಲೂ ತಪ್ಪದೆ ಕೇಳಿಸಬೇಕು. 'ಮಹಾಕಾಲ ರಕ್ಷಣಾ ಮಹಾಠಾಣೆ' ಎಂದೆಲ್ಲ ಇಟ್ಟರೆ ಹೇಳಿ ಮುಗಿಸುವಷ್ಟರಲ್ಲಿ ಕ್ಷಿಪಣಿ ಬಂದಿರುತ್ತದೆ.

ಐದನೇ ಹಂತ: ತಂತಿಯ ಆ ತುದಿ

ಠಾಣೆ ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ಕಂಡೂ ಕಾಣದಂತೆ. ಆದ್ದರಿಂದ ಮ್ಯಾಪ್‌ನಲ್ಲಿ ರೇಡಾರ್‌ನಷ್ಟೇ ಗೌರವ ಸಂಪರ್ಕದ ಆಂಟೆನಾಗೂ ಸಿಗಬೇಕು. ಉತ್ತರದ ಠಾಣೆಗಳಲ್ಲಿ ಸಿನಿಮಾ ಪರದೆಯಂತೆ ನಿಂತಿರುತ್ತಿದ್ದ ಬಾಗಿದ ದೊಡ್ಡ ಫಲಕಗಳು ರೇಡಾರ್ ಅಲ್ಲ. ವಾತಾವರಣದಲ್ಲಿ ಚದುರುವ ರೇಡಿಯೋ ಅಲೆಯನ್ನು ಹಿಡಿದು ನೂರಾರು ಕಿಲೋಮೀಟರ್ ಆಚೆಗೆ ಮಾತು ದಾಟಿಸುವ ಸಂಪರ್ಕ ಸಾಧನಗಳು ಅವು.

"ಶತ್ರುವಿನ ರೇಡಾರ್ ಠಾಣೆಯನ್ನು ಉಡಾಯಿಸಿ, ಅವರು ಕುರುಡರಾಗುತ್ತಾರೆ" ಎಂಬ ಸವಕಲು ಗುರಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಠಾಣೆ ಮೌನವಾದರೆ ಆ ಮೌನವೇ ಕೂಗು. ಥುಲೆಗೆ ಏನಾದರೂ ಆಯಿತೇ ಎಂದು ಕಣ್ಣಾರೆ ಕಂಡು ಹೇಳಲಿಕ್ಕೆಂದೇ ಅಮೆರಿಕ ಬಿ-52 ಬಾಂಬರ್ ವಿಮಾನವೊಂದನ್ನು ಅದರ ಆಕಾಶದಲ್ಲಿ ಸುತ್ತಾಡಿಸುತ್ತಿತ್ತು. 1961ರ ನವೆಂಬರ್ 24ರಂದು ಥುಲೆಯಂಥ ಠಾಣೆಗಳ ಜೊತೆಗಿನ ಸಂಪರ್ಕ ಒಮ್ಮೆಲೇ ಕಡಿದುಹೋಯಿತು. ದಾಳಿಯೇ ಇರಬೇಕೆಂದು ಬಾಂಬರ್ ಸಿಬ್ಬಂದಿಯನ್ನು ಸಜ್ಜುಗೊಳಿಸಿದರು. ಥುಲೆ ಇದ್ದಲ್ಲೇ ಇದೆ ಎಂದು ಖಚಿತವಾದದ್ದು ಆ ವಿಮಾನದ ಮೂಲಕ. ಕೆಟ್ಟಿದ್ದು ಸಂದೇಶಗಳನ್ನು ಮುಂದಕ್ಕೆ ದಾಟಿಸುವ ಕೊಲೊರಾಡೋದ ಒಂದು ರಿಲೇ ಕೇಂದ್ರದಲ್ಲಿ ಅತಿಯಾಗಿ ಕಾದ ಮೋಟಾರು. ಒಂದಕ್ಕೊಂದು ಬದಲಿ ಎಂದು ನಂಬಿದ್ದ ತಂತಿಗಳೆಲ್ಲ ಅದೇ ಕೇಂದ್ರದ ಮೂಲಕ ಹಾದಿದ್ದವು.

ಇದನ್ನು ಹಾಗೆಯೇ ಗೇಮ್‌ಗೆ ತನ್ನಿ. ಆಟಗಾರ ಠಾಣೆಯನ್ನು ವಶಪಡಿಸಿಕೊಳ್ಳಲಿ, ಆದರೆ ಅದು ಮಾತಾಡುತ್ತಲೇ ಇರಬೇಕು. ಹದಿನೈದು ನಿಮಿಷಕ್ಕೊಮ್ಮೆ 'ಎಲ್ಲ ಸರಿ' ಎಂಬ ಸಂದೇಶ ಹೋಗಬೇಕು, ಅದೂ ದಿನದ ಸಂಕೇತಪದದೊಂದಿಗೆ. ಆ ಪದ ಯಾವನ ಜೇಬಿನಲ್ಲಿದೆ? ಅಡುಗೆಯವನ ಮಾತಿನ ಧಾಟಿ ಆ ತುದಿಯವನಿಗೆ ಪರಿಚಿತವೇ? ಸ್ಫೋಟಕ ಇಡುವುದಕ್ಕಿಂತ ಇದು ಎಷ್ಟೋ ಪಾಲು ಬಿಗಿಯಾದ ಆಟ.

ಆರನೇ ಹಂತ: ಪರದೆ

ರೇಡಾರ್ ಬೀಪ್ ಎನ್ನುವುದಿಲ್ಲ. ಆ ಸದ್ದು ಜಲಾಂತರ್ಗಾಮಿಯ ಸೋನಾರ್‌ನಿಂದ ಸಿನಿಮಾದವರು ತಂದ ಕಡ. ಹಸಿರು ಪರದೆಯ ಮೇಲೆ ಗಡಿಯಾರದ ಮುಳ್ಳಿನಂತೆ ಸುತ್ತುವ ಗೆರೆ ತಿರುಗುವ ಆಂಟೆನಾಗೆ ಸರಿ. ಚೈನ್ ಹೋಮ್ ಕಾಲದವರು ನೋಡುತ್ತಿದ್ದದ್ದು ಒಂದು ಅಡ್ಡಗೆರೆ ಮತ್ತು ಅದರ ಮೇಲೆ ನಡುಗುವ ಮೊನೆಗಳನ್ನು. ಪೇವ್ ಪಾಸ್ ಮಾದರಿಯಲ್ಲಿ ಸುತ್ತುವ ಗೆರೆಗೆ ಅರ್ಥವೇ ಇಲ್ಲ.

ರೇಡಿಯೋ ಅಲೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಬೇಕಾದ್ದರಿಂದ ಒಂದು ಮಿಲಿಸೆಕೆಂಡ್ ತಡವಾದರೆ ವಸ್ತು 150 ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಗೇಮ್‌ನ ಪರದೆಗೆ ಇದೇ ಲೆಕ್ಕ ಕೊಡಿ. ಆಟಗಾರ ಮೊದಲ ಹತ್ತು ನಿಮಿಷ ಹಕ್ಕಿಗಳ ಹಿಂಡು, ಮಳೆಮೋಡ, ಧ್ರುವಪ್ರಭೆ, ಪ್ರಯಾಣಿಕ ವಿಮಾನ ಇವುಗಳ ಗುರುತು ಹಿಡಿಯಲು ಕಲಿಯಲಿ. ದಿನನಿತ್ಯದ ಗದ್ದಲ ಪರಿಚಯವಾಗದೆ ಹೊಸ ಚುಕ್ಕೆ ಹೊಸದು ಎಂದು ತಿಳಿಯುವುದಾದರೂ ಹೇಗೆ?

ಏಳನೇ ಹಂತ: ಸುಳ್ಳು ಎಚ್ಚರಿಕೆ

ಇಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಶ್ರಮದಲ್ಲಿ ಅರ್ಧ ಉಳಿದಿರಬೇಕು. ಚರಿತ್ರೆ ಇಲ್ಲಿ ಧಾರಾಳವಾಗಿದೆ, ಒಂದೊಂದು ಪ್ರಸಂಗಕ್ಕೂ ಬೇರೆ ಬೇರೆ ಕಾರಣ ಇರುವುದೇ ನಮ್ಮ ಅದೃಷ್ಟ.

1960ರ ಅಕ್ಟೋಬರ್ 5ರಂದು ಥುಲೆಯ ಹೊಸ ರೇಡಾರ್ ಭಾರಿ ದಾಳಿಯ ಸೂಚನೆ ಕೊಟ್ಟಿತು. ಅದು ಕಂಡದ್ದು ದಿಗಂತದಲ್ಲಿ ಏಳುತ್ತಿದ್ದ ಚಂದ್ರನನ್ನು! ಚಂದ್ರನಿಂದ ಪ್ರತಿಧ್ವನಿ ಮರಳಲು ಎರಡೂವರೆ ಸೆಕೆಂಡ್ ಬೇಕು. ಅಷ್ಟು ತಡವಾಗಿ ಬಂದದ್ದನ್ನು ಯಂತ್ರ ಹತ್ತಿರದ ವಸ್ತು ಎಂದು ಲೆಕ್ಕ ಹಾಕಿತ್ತು. ಸೋವಿಯತ್ ನಾಯಕ ಕ್ರುಶ್ಚೇವ್ ಆಗ ನ್ಯೂಯಾರ್ಕ್‌ನಲ್ಲೇ ಇದ್ದದ್ದು ಅನುಮಾನಕ್ಕೆ ಇಂಬು ಕೊಟ್ಟಿತು. 1979ರ ನವೆಂಬರ್ 9ರಂದು ಅಮೆರಿಕದಲ್ಲಿರುವ ನೊರಾಡ್ ಎಂಬ ವಾಯುರಕ್ಷಣಾ ಕೇಂದ್ರದಲ್ಲಿ ತರಬೇತಿಗಾಗಿ ಮಾಡಿದ ದಾಳಿಯ ದತ್ತಾಂಶ ನಿಜವಾದ ವ್ಯವಸ್ಥೆಗೆ ಸೇರಿಕೊಂಡಿತು. ಮರುವರ್ಷ ಜೂನ್‌ನಲ್ಲಿ 46 ಸೆಂಟ್ ಬೆಲೆಯ ಒಂದು ಚಿಪ್ ಕೆಟ್ಟು, ಕ್ಷಿಪಣಿಗಳ ಸಂಖ್ಯೆಯಲ್ಲಿ ಸೊನ್ನೆ ಇರಬೇಕಾದ ಕಡೆ 2 ಮೂಡಿತು: ಒಮ್ಮೆ 2, ಇನ್ನೊಮ್ಮೆ 220, ಮತ್ತೊಮ್ಮೆ 2,200. 1995ರ ಜನವರಿ 25ರಂದು ಧ್ರುವಪ್ರಭೆಯ ಅಧ್ಯಯನಕ್ಕೆ ನಾರ್ವೆಯಿಂದ ಹಾರಿದ ರಾಕೆಟ್ ರಷ್ಯಾದ ರೇಡಾರ್‌ಗೆ ಕ್ಷಿಪಣಿಯಂತೆ ಕಂಡಿತು. ನಾರ್ವೆ ಮುಂಚಿತವಾಗಿ ತಿಳಿಸಿತ್ತು, ಆದರೆ ಆ ಸುದ್ದಿ ರೇಡಾರ್ ಸಿಬ್ಬಂದಿಗೆ ಮುಟ್ಟಿರಲಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು 1983ರ ಸೆಪ್ಟೆಂಬರ್ 26ರ ರಾತ್ರಿ. ಮಾಸ್ಕೋ ಬಳಿಯ ಸೆರ್ಪುಖೋವ್-15 ಕೇಂದ್ರದಲ್ಲಿ ಪಾಳಿಯಲ್ಲಿದ್ದ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅವರ ಮುಂದೆ ಉಪಗ್ರಹ ವ್ಯವಸ್ಥೆ ಒಂದು ಕ್ಷಿಪಣಿ ಎಂದಿತು, ಆಮೇಲೆ ಇನ್ನೂ ನಾಲ್ಕು. ಯುದ್ಧ ಆರಂಭಿಸುವವರು ಐದೇ ಕ್ಷಿಪಣಿ ಕಳಿಸುತ್ತಾರೆಯೇ ಎಂಬುದು ಅವರ ಪ್ರಶ್ನೆ. ನೆಲದ ರೇಡಾರ್‌ಗಳಲ್ಲೂ ಏನೂ ಕಂಡಿರಲಿಲ್ಲ. ಸುಳ್ಳು ಎಚ್ಚರಿಕೆ ಎಂದೇ ವರದಿ ಮಾಡಿದರು. ಎತ್ತರದ ಮೋಡಗಳ ಮೇಲೆ ಹೊಳೆದ ಬಿಸಿಲು ಉಪಗ್ರಹವನ್ನು ಮೋಸಗೊಳಿಸಿತ್ತು.

ಇನ್ನು ಇದರ ತಿರುವು ಮುರುವು. 1941ರ ಡಿಸೆಂಬರ್ 7ರ ಬೆಳಗ್ಗೆ 7:02ಕ್ಕೆ ಹವಾಯಿಯ ಒಪಾನಾ ರೇಡಾರ್ ಸುಮಾರು 210 ಕಿಲೋಮೀಟರ್ ದೂರದಲ್ಲಿ ದೊಡ್ಡ ಗುಂಪನ್ನು ಕಂಡಿತು. ಅದು ನಮ್ಮದೇ ಬಿ-17 ವಿಮಾನಗಳಿರಬೇಕು, ಚಿಂತಿಸಬೇಡಿ ಎಂಬ ಉತ್ತರ ಬಂತು. ಒಂದು ಗಂಟೆಯೊಳಗೆ ಪರ್ಲ್ ಹಾರ್ಬರ್ ಹೊತ್ತಿ ಉರಿಯುತ್ತಿತ್ತು.

ಇವುಗಳಿಂದ ಆಟ ಹೆಣೆಯುವ ಬಗೆ ಹೀಗೆ. ಚುಕ್ಕೆ ಮೂಡಿದಾಗ ಆಟಗಾರನ ಕೈಗೆ ನಾಲ್ಕು ಪರೀಕ್ಷೆ ಕೊಡಿ: ಪಕ್ಕದ ಠಾಣೆಗೆ ಕರೆ, ಯಂತ್ರದ ಸ್ವಯಂತಪಾಸಣೆ, ಪಂಚಾಂಗ ಮತ್ತು ಹವಾಮಾನ ಪಟ್ಟಿ, ಬಂದ ಪತ್ರಗಳ ಕಡತ. ಪ್ರತಿಯೊಂದಕ್ಕೂ ಸಮಯದ ಬೆಲೆ ಕಟ್ಟಿ. ಎಲ್ಲವನ್ನೂ ಮಾಡಲು ಹನ್ನೊಂದು ನಿಮಿಷ ಬೇಕು, ಇರುವುದು ಎಂಟು. ಚಂದ್ರ ಏಳುವ ಹೊತ್ತು ಪಂಚಾಂಗದಲ್ಲಿ ಇರಲಿ, ನಾರ್ವೆಯ ಪತ್ರದಂಥ ಒಂದು ಕಾಗದ ಯಾವನೋ ಚಹಾ ಲೋಟದ ಅಡಿಯಲ್ಲಿ ಸಿಕ್ಕಿಕೊಂಡಿರಲಿ, ಪರದೆಯ ಒಂದೇ ಅಂಕಿ ಮತ್ತೆ ಮತ್ತೆ ಬರುತ್ತಿರಲಿ. ಹುಡುಕಿದವನಿಗೆ ಸಿಗಬೇಕು, ಆದರೆ ಹುಡುಕಲು ಕುರ್ಚಿ ಬಿಟ್ಟು ಏಳಬೇಕು.

ಸುಳ್ಳು ಎಚ್ಚರಿಕೆ ಎಷ್ಟಿರಬೇಕು? ನನ್ನ ಅನುಭವದಲ್ಲಿ ನಿಜವಾದ ಒಂದಕ್ಕೆ ಮೂರು ಅಥವಾ ನಾಲ್ಕು. ಅದಕ್ಕಿಂತ ಹೆಚ್ಚಾದರೆ 'ತೋಳ ಬಂತು ತೋಳ' ಕಥೆಯಾಗುತ್ತದೆ, ಆಟಗಾರ ಕಣ್ಣುಮುಚ್ಚಿ 'ಸುಳ್ಳು' ಒತ್ತುತ್ತಾನೆ. ಕಡಿಮೆಯಾದರೆ ಅನುಮಾನವೇ ಹುಟ್ಟುವುದಿಲ್ಲ. ಇನ್ನೊಂದು ಮಾತು: ಆಟಗಾರ ತೀರ್ಮಾನ ಹೇಳಿದ ಕೂಡಲೇ 'ಸರಿ' ಎಂದು ಹಸಿರು ದೀಪ ಹಚ್ಚಬೇಡಿ. ಫೋನ್ ಇಟ್ಟ ಮೇಲೆ ಉಳಿದ ನಿಮಿಷಗಳೆಲ್ಲ ಕಳೆಯಲಿ. ಕಿಟಕಿಯಾಚೆ ಆಕಾಶ ಇರಲಿ. ಅವನೇ ನೋಡಿಕೊಳ್ಳಲಿ.

ಎಂಟನೇ ಹಂತ: ಪಾಳುಬಿದ್ದ ಠಾಣೆಯಾದರೆ

ಚಿಕ್ಕದಾಗಿ ಹೇಳುತ್ತೇನೆ. ಅಸ್ಥಿಪಂಜರ, ಗೋಡೆಯ ಮೇಲೆ ರಕ್ತದ ಬರಹ ಬೇಡ. ಇಂಥ ಠಾಣೆಗಳು ಸತ್ತದ್ದು ಆದೇಶಪತ್ರದಿಂದ. ಆದ್ದರಿಂದ ಉಳಿಯುವುದು ಮಡಿಸಿಟ್ಟ ಹಾಸಿಗೆ, ಸರಕುಪಟ್ಟಿ, ಕೊನೆಯ ಪಾಳಿಯವ ಹೊತ್ತು ಗುರುತಿಸಿ ಸಹಿ ಹಾಕಿದ ದಿನಚರಿ. ಚೆರ್ನೋಬಿಲ್ ಬಳಿಯ ದುಗಾ ಚೌಕಟ್ಟು ಸುಮಾರು 150 ಮೀಟರ್ ಎತ್ತರದಲ್ಲಿ ಇನ್ನೂ ನಿಂತಿದೆ. ಅದು ಕೆಲಸದಲ್ಲಿದ್ದಾಗ ಜಗತ್ತಿನ ಕಿರುತರಂಗ ರೇಡಿಯೋಗಳಲ್ಲಿ ಸೆಕೆಂಡಿಗೆ ಹತ್ತು ಬಾರಿ ಟಕ್‌ಟಕ್ ಸದ್ದು ಕೇಳಿಸುತ್ತಿತ್ತು, ಕೇಳಿದವರು ಮರಕುಟಿಗ ಎಂದು ಹೆಸರಿಟ್ಟರು. ಪಾಳುಠಾಣೆಯ ಕಥೆಗೆ ಅಂಥ ಒಂದು ಸದ್ದು ಸಾಕು. ಆಟಗಾರ ಮೊದಲು ದೂರದ ಯಾವುದೋ ಮನೆಯ ರೇಡಿಯೋದಲ್ಲಿ ಅದನ್ನು ಕೇಳಿರಲಿ, ಎಷ್ಟೋ ಹೊತ್ತಿನ ಮೇಲೆ ಅದರ ಮೂಲದೆದುರು ಬಂದು ನಿಲ್ಲಲಿ.

ಕೊನೆಯ ಹಂತ: ಕೂರಿಸಿ ನೋಡಿ

ಸಂಗೀತ ನಿಲ್ಲಿಸಿ. ಕಥೆ ತಿಳಿಯದ ಒಬ್ಬರನ್ನು ಪರದೆಯ ಮುಂದೆ ಕೂರಿಸಿ, ಹತ್ತು ನಿಮಿಷ ಏನೂ ನಡೆಯದಂತೆ ಬಿಡಿ. ನೀವು ಅವರ ಹಿಂದೆ ನಿಂತು ಗೇಮ್‌ನ ಪರದೆಯನ್ನಲ್ಲ, ಅವರ ಕೈಗಳನ್ನು ನೋಡಿ. ಮೂರನೇ ನಿಮಿಷಕ್ಕೆ ಮೊಬೈಲ್ ತೆಗೆದರೆ ಆರನೇ ಹಂತದ ಗದ್ದಲ ಸಾಲದು, ಪರದೆಯಲ್ಲಿ ಗುರುತಿಸಲು ಇನ್ನಷ್ಟು ಇರಬೇಕು. ಚುಕ್ಕೆ ಮೂಡಿದ ಕೂಡಲೇ ಯೋಚಿಸದೆ ಗುಂಡಿ ಒತ್ತಿದರೆ ಎರಡನೇ ಹಂತಕ್ಕೆ ಹಿಂತಿರುಗಿ ನಿಮಿಷಗಳನ್ನು ಹೆಚ್ಚಿಸಿ, ಬಹುಶಃ ಅನುಮಾನಿಸಲು ಅವರಿಗೆ ಎಡೆಯೇ ಸಿಕ್ಕಿಲ್ಲ. ಕೈ ಫೋನಿನ ಮೇಲೆ ಹೋಗಿ, ಎತ್ತದೆ ಅಲ್ಲೇ ನಿಂತು, ತಲೆ ಪಂಚಾಂಗದ ಕಡೆ ತಿರುಗಿದರೆ ಏನನ್ನೂ ಬದಲಿಸಬೇಡಿ, ಆ ಆವೃತ್ತಿಯನ್ನು ಉಳಿಸಿಕೊಳ್ಳಿ.